ಹಳೇ ಕಾರಿನ ಫ್ಯೂಯೆಲ್ ಪಂಪ್ ಸದ್ದು ಮಾಡದಿದ್ದರೆ: ಪಂಪ್ ಬದಲಿಸುವ ಮುನ್ನ ಕರೆಂಟಿನ ದಾರಿ ನೋಡಿ

ಮಳೆ ಹಿಡಿದ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬರುವ ಪ್ರಶ್ನೆ ಒಂದೇ. "ಸೆಲ್ಫ್ ಚೆನ್ನಾಗಿ ತಿರುಗುತ್ತೆ, ಗಾಡಿ ಮಾತ್ರ ಸ್ಟಾರ್ಟ್ ಆಗಲ್ಲ. ಪಂಪ್ ಹೋಗಿದೆ ಅಂತಾರೆ. ಹಾಕಿಸಲಾ?"

ಈಗಲೇ ಬೇಡ. ಹದಿನೈದಿಪ್ಪತ್ತು ಮಳೆಗಾಲ ಕಂಡ ಮಲೆನಾಡಿನ ಕಾರಿನಲ್ಲಿ ಪಂಪ್‌ಗಿಂತ ಮೊದಲು ಹಾಳಾಗುವುದು ಅದಕ್ಕೆ ಕರೆಂಟು ಒಯ್ಯುವ ದಾರಿ. ಕರೆಂಟು ಹಚ್ಚಿ ಆರಿಸುವ ರಿಲೇ, ತಂತಿಗಳು ಜೋಡುವ ಕನೆಕ್ಟರ್, ಎಲ್ಲಕ್ಕಿಂತ ಹೆಚ್ಚಾಗಿ ಅರ್ತ್ ಬೋಲ್ಟ್, ಅಂದರೆ ಪಂಪಿನ ವಾಪಸ್ ತಂತಿಯನ್ನು ಗಾಡಿಯ ಬಾಡಿಗೆ ಸೇರಿಸುವ ಬೋಲ್ಟ್. ಹೊಸ ಪಂಪ್ ಹಾಕಿದ ಮೇಲೆ ಗಾಡಿ ಓಡಿತು ಎಂಬುದು ಹಳೇ ಪಂಪ್ ಕೆಟ್ಟಿತ್ತು ಎಂಬುದಕ್ಕೆ ಸಾಕ್ಷಿಯಲ್ಲ. ಪಂಪ್ ಬದಲಿಸುವಾಗ ಕನೆಕ್ಟರ್ ಕಿತ್ತು ಮತ್ತೆ ಒತ್ತುತ್ತಾರಲ್ಲ, ಆ ಉಜ್ಜುವಿಕೆಗೇ ಪಿನ್ನಿನ ಕಿಲುಬು ಸವೆದು ನಾಲ್ಕು ವಾರ ಕರೆಂಟು ಹರಿಯುತ್ತದೆ. ಐದನೇ ವಾರ ಮತ್ತೆ ಅದೇ ಕಥೆ. ನಾನೂ ಒಮ್ಮೆ ಹೀಗೆ ಎರಡು ಪಂಪ್‌ಗೆ ದುಡ್ಡು ಕೊಟ್ಟ ಮೇಲೆ, ಹಿಂದಿನ ಸೀಟಿನ ಕೆಳಗಿದ್ದ ಒಂದು ಬೋಲ್ಟ್ ಬಿಚ್ಚಿ ಉಜ್ಜಿ ಬಿಗಿ ಮಾಡಿದವನು.

ನಿಮ್ಮ ಗಾಡಿಗೆ ಇದು ಅನ್ವಯಿಸುತ್ತದೆಯೇ?

ಕಾರ್ಬ್ಯುರೇಟರ್ ಇರುವ ಹಳೇ ಮಾರುತಿ 800, ಓಮ್ನಿ, ಅಂಬಾಸಿಡರ್, ಪದ್ಮಿನಿಗಳಲ್ಲಿ ಪಂಪ್ ಇಂಜಿನ್ ಮೈಮೇಲೇ ಇರುತ್ತದೆ, ಇಂಜಿನ್ ತಿರುಗಿದರೆ ಅದೂ ಒತ್ತುತ್ತದೆ. ಅದಕ್ಕೆ ಕರೆಂಟೇ ಬೇಡ. ಹಳೇ ಡೀಸೆಲ್ ಜೀಪಿನದ್ದೂ ಬೇರೆ ವ್ಯವಹಾರ. ಈ ಲೇಖನ ಎಂಪಿಎಫ್‌ಐ ಪೆಟ್ರೋಲ್ ಕಾರುಗಳಿಗೆ, ಅಂದರೆ ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಅಳತೆಯಲ್ಲಿ ಪೆಟ್ರೋಲ್ ಚಿಮ್ಮಿಸುವ ಗಾಡಿಗಳಿಗೆ. ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ, ಜೆನ್ ಮತ್ತು 800ರ ಕೊನೆಯ ವರ್ಷಗಳ ಮಾದರಿ, ಎಲ್ಲ ಇದೇ ಜಾತಿ. ಇವುಗಳಲ್ಲಿ ಪಂಪ್ ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಮುಳುಗಿ ಕುಳಿತಿರುವ ಪುಟ್ಟ ಮೋಟಾರು.

ಕೆಲಸ ಮಾಡುವ ಬಗೆ ಸರಳ. ಕೀ ಆನ್ ಮಾಡಿದ ಕೂಡಲೇ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ರಿಲೇಗೆ ಸನ್ನೆ ಕೊಟ್ಟು ಪಂಪನ್ನು ಎರಡು ಮೂರು ಸೆಕೆಂಡ್ ಓಡಿಸುತ್ತದೆ. ಇದಕ್ಕೆ ಪ್ರೈಮ್ ಎನ್ನುತ್ತಾರೆ. ಸೆಲ್ಫ್ ಹೊಡೆದಾಗ ಇಂಜಿನ್ ತಿರುಗುತ್ತಿದೆ ಎಂದು ಕ್ರ್ಯಾಂಕ್ ಸೆನ್ಸರ್ ಹೇಳಿದರೆ ಪಂಪ್ ಮುಂದುವರಿಯುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಕರೆಂಟು ಬ್ಯಾಟರಿಯಿಂದ ಹೊರಟು ಫ್ಯೂಸ್, ರಿಲೇ, ಗಾಡಿಯ ಉದ್ದಕ್ಕೂ ಹೋಗುವ ತಂತಿ, ಕನೆಕ್ಟರ್ ದಾಟಿ ಮೋಟಾರು ಸೇರುತ್ತದೆ. ಅಲ್ಲಿಂದ ಅರ್ತ್ ತಂತಿ, ಗಾಡಿಯ ಬಾಡಿ ಹಿಡಿದು ಬ್ಯಾಟರಿಗೆ ವಾಪಸ್. ಹೋಗುವ ದಾರಿ ಎಲ್ಲರೂ ನೋಡುತ್ತಾರೆ, ಬರುವ ದಾರಿ ಯಾರೂ ನೋಡುವುದಿಲ್ಲ.

ಬೇಕಾದದ್ದು

ಸಾದಾ ಡಿಜಿಟಲ್ ಮಲ್ಟಿಮೀಟರ್ ಒಂದು. ಮೊಸಳೆ ಕ್ಲಿಪ್ ಹಾಕಿದ ನಾಲ್ಕೈದು ಮೀಟರ್ ತಂತಿ. ಮಧ್ಯದಲ್ಲಿ 15 ಆಂಪ್ ಫ್ಯೂಸ್ ಕೂರಿಸಿದ ಗಿಡ್ಡ ಜಂಪರ್ ತಂತಿ. ಮರಳು ಕಾಗದ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಟಾರ್ಚು. ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದು ಹಳೇ ಎಚ್‌4 ಹೆಡ್‌ಲೈಟ್ ಬಲ್ಬ್. ಡಿಮ್ ಸುಟ್ಟು ಬ್ರೈಟ್ ಉಳಿದಿರುವುದು ಸಿಕ್ಕರೆ ಒಳ್ಳೆಯದೇ, ಬಿಸಾಡುವ ವಸ್ತು ಕೆಲಸಕ್ಕೆ ಬಂತು. ಅದರ 60 ವ್ಯಾಟ್ ತಂತಿಗೆ ಎರಡು ಮೀಟರ್ ಉದ್ದದ ಎರಡು ವಯರ್ ಬೆಸುಗೆ ಹಾಕಿಸಿ.

ಬಲ್ಬ್ ಯಾಕೆ ಎಂದರೆ, ತೋಟದ ಮನೆಯವರಿಗೆ ಲೋ ವೋಲ್ಟೇಜ್ ಗೊತ್ತೇ ಇದೆ. ಮನೆಯಲ್ಲಿ ದೀಪ ಉರಿಯುತ್ತದೆ, ಟೆಸ್ಟರ್ ಇಟ್ಟರೆ ಕೆಂಪಗೆ ಮಿನುಗುತ್ತದೆ, ಪಂಪ್‌ಸೆಟ್ ಮಾತ್ರ ಮುಲುಗುತ್ತದೆ, ಎತ್ತುವುದಿಲ್ಲ. ಕಾರಿನಲ್ಲೂ ಅದೇ. ಹತ್ತು ಎಳೆಯ ತಂತಿಯಲ್ಲಿ ಒಂಬತ್ತು ಎಳೆ ಕೊಳೆತು ಒಂದೇ ಉಳಿದಿದ್ದರೂ ಮಲ್ಟಿಮೀಟರ್ 12 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಮೀಟರ್ ಕರೆಂಟನ್ನು ಹೆಚ್ಚುಕಮ್ಮಿ ಎಳೆಯುವುದೇ ಇಲ್ಲ. ಎಚ್‌4 ಬಲ್ಬ್ ಸುಮಾರು 5 ಆಂಪ್ ಎಳೆಯುತ್ತದೆ. ಸಣ್ಣ ಕಾರಿನ ಪಂಪ್ ಎಳೆಯುವುದೂ ಹೆಚ್ಚುಕಡಿಮೆ ಅಷ್ಟೇ. ಬಲ್ಬ್ ಪೂರ್ತಿ ಬೆಳಗಿದರೆ ದಾರಿ ಗಟ್ಟಿಯಾಗಿದೆ ಎಂದು ನಂಬಬಹುದು.

ಮೊದಲೇ ಎಚ್ಚರಿಕೆ

ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಬಚ್ಚಲೊಲೆಗೆ ಬೆಂಕಿ ಹಾಕಿದ್ದರೆ, ಪಕ್ಕದಲ್ಲಿ ಅಡಿಕೆ ಬೇಯುತ್ತಿದ್ದರೆ ಗಾಡಿಯನ್ನು ಮೊದಲು ಅಂಗಳಕ್ಕೆ ತಳ್ಳಿ. ಬೀಡಿ, ಸಿಗರೇಟಿನವರು ದೂರ ಇರಲಿ. ಟ್ಯಾಂಕಿನ ಬಳಿ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತಿದ್ದರೆ ಕರೆಂಟಿನ ಪರೀಕ್ಷೆ ಯಾವುದೂ ಬೇಡ, ಮೊದಲು ಸೋರಿಕೆ ನೋಡಿಸಿ. ಇನ್ನೊಂದು ನಿಯಮ: ಟ್ಯಾಂಕಿನ ಹತ್ತಿರ ಕಿಡಿ ಹಾರಬಾರದು. ಅಲ್ಲಿ ಏನನ್ನೇ ಜೋಡಿಸುವಾಗಲೂ ಕರೆಂಟು ಬಂದ್ ಇರಲಿ. ಜೋಡಿಸಿ ಮುಗಿದ ಮೇಲೆ ಮುಂದೆ, ರಿಲೇ ಬಾಕ್ಸಿನಲ್ಲಿ, ಕರೆಂಟು ಕೊಡಿ.

1. ಕಿವಿಗೊಡಿ

ಒಬ್ಬರು ಕೀ ಆನ್ ಮಾಡಲಿ, ಸೆಲ್ಫ್ ಹೊಡೆಯುವುದು ಬೇಡ. ಇನ್ನೊಬ್ಬರು ಹಿಂದಿನ ಸೀಟಿನ ಬಳಿ ಕಿವಿಗೊಡಲಿ. "ಝೀಂ" ಎಂದು ಎರಡು ಮೂರು ಸೆಕೆಂಡ್ ಸದ್ದು ಬಂದು ನಿಂತರೆ ಪಂಪ್‌ಗೆ ಆ ಹೊತ್ತಿಗೆ ಕರೆಂಟು ಬರುತ್ತಿದೆ ಎಂದರ್ಥ. ತಗಡಿನ ಮಾಡಿನ ಮೇಲೆ ಮಳೆ ಬಾರಿಸುತ್ತಿದ್ದರೆ ಏನೂ ಕೇಳಿಸದು. ಆಗ ಪೆಟ್ರೋಲ್ ಹಾಕುವ ಬಾಯಿಯ ಮುಚ್ಚಳ ತೆಗೆದು ಅದರ ಹತ್ತಿರ ಕಿವಿ ಇಡಿ.

ಸದ್ದು ಇಲ್ಲವೇ? ಟ್ಯಾಂಕಿನ ತಳಕ್ಕೆ ಮುಷ್ಟಿಯಿಂದ ಅಥವಾ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಎರಡು ಏಟು ಹಾಕಿ, ಮತ್ತೆ ಕೀ ಆನ್ ಮಾಡಿ. ಈಗ ಸದ್ದು ಬಂದರೆ ಮೋಟಾರಿನೊಳಗಿನ ಬ್ರಷ್ ಸವೆದಿರುವ ಸಂಭವ ಹೆಚ್ಚು. ಆದರೆ ಅದೇ ಏಟಿಗೆ ಸಡಿಲ ಕನೆಕ್ಟರ್ ಕೂಡ ಅಲುಗಾಡಿರಬಹುದು, ಹಾಗಾಗಿ ತೀರ್ಪು ಈಗಲೇ ಬೇಡ.

ಸದ್ದು ಇದ್ದೂ ಗಾಡಿ ಸ್ಟಾರ್ಟ್ ಆಗದಿದ್ದರೆ ಫಿಲ್ಟರ್, ಸ್ಪಾರ್ಕ್, ಕ್ರ್ಯಾಂಕ್ ಸೆನ್ಸರ್ ಕಡೆ ಹೋಗಿ.

2. ಬ್ಯಾಟರಿ

ಗಾಡಿ ಕೆಲವು ಗಂಟೆ ನಿಂತಿದ್ದಾಗ 12.6 ವೋಲ್ಟ್ ಆಸುಪಾಸು ಇದ್ದರೆ ತುಂಬಿದ ಬ್ಯಾಟರಿ. 12.2ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಮುಂದಿನ ಯಾವ ಪರೀಕ್ಷೆಯ ಅಂಕಿಯನ್ನೂ ನಂಬಬೇಡಿ. ಟರ್ಮಿನಲ್‌ಗಳನ್ನು ಬಿಚ್ಚಿ ಉಜ್ಜಿ ಬಿಗಿ ಮಾಡಿ.

3. ಫ್ಯೂಸ್

ಫ್ಯೂಸನ್ನು ಕಣ್ಣಲ್ಲಿ ನೋಡಿ "ಸರಿ ಇದೆ" ಅನ್ನುವುದು ಸಾಮಾನ್ಯ ತಪ್ಪು. ಕೂದಲೆಳೆಯ ಬಿರುಕು ಕಾಣುವುದಿಲ್ಲ. ಫ್ಯೂಸಿನ ತಲೆಯ ಮೇಲೆ ಎರಡು ಪುಟ್ಟ ಲೋಹದ ಚುಕ್ಕೆಗಳಿರುತ್ತವೆ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಕೆಂಪು ಕಡ್ಡಿ ಒಂದೊಂದೇ ಚುಕ್ಕೆಗೆ. ಎರಡರಲ್ಲೂ 12 ಬಂದರೆ ಫ್ಯೂಸ್ ಸರಿ. ಒಂದರಲ್ಲಿ ಮಾತ್ರ ಬಂದರೆ ಫ್ಯೂಸ್ ಹೋಗಿದೆ. ಎರಡರಲ್ಲೂ ಇಲ್ಲದಿದ್ದರೆ ಕರೆಂಟು ಅಲ್ಲಿಯವರೆಗೆ ಬಂದೇ ಇಲ್ಲ. ಕೆಲವು ಗಾಡಿಗಳಲ್ಲಿ ಈ ಫ್ಯೂಸ್ ರಿಲೇಯ ಆಚೆ ಇರುವುದರಿಂದ ಪ್ರೈಮ್ ಆಗುವ ಎರಡು ಮೂರು ಸೆಕೆಂಡ್ ಮಾತ್ರ ಕರೆಂಟು ತೋರಿಸುತ್ತದೆ, ಅದು ನೆನಪಿರಲಿ.

ಹೊಸ ಫ್ಯೂಸ್ ಕೂಡಲೇ ಸುಟ್ಟರೆ ದೊಡ್ಡ ಆಂಪಿನದು ಹಾಕುವುದು, ಸಿಗರೇಟ್ ಪ್ಯಾಕಿನ ಹಾಳೆ ಸುತ್ತುವುದು ಬೇಡ. ಆ ತಂತಿ ಹೋಗುವುದು ಪೆಟ್ರೋಲ್ ಟ್ಯಾಂಕಿಗೆ. ಪಂಪ್ ಕನೆಕ್ಟರ್ ಬಿಚ್ಚಿ ಹೊಸ ಫ್ಯೂಸ್ ಹಾಕಿ ನೋಡಿ. ಆಗಲೂ ಸುಟ್ಟರೆ ದಾರಿಯಲ್ಲಿ ತಂತಿ ಬಾಡಿಗೆ ತಾಗಿದೆ, ನಮ್ಮ ಕಡೆ ಬಹುಪಾಲು ಹೆಗ್ಗಣದ ಕೆಲಸ. ಸುಡದಿದ್ದರೆ ಮೋಟಾರು ಜಾಮ್ ಆಗಿದೆ, ಇಲ್ಲವೇ ಟ್ಯಾಂಕಿನೊಳಗಿನ ತಂತಿ ತಾಗಿದೆ.

4. ರಿಲೇ

ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ನೆನೆಸಿಕೊಳ್ಳಿ. ಹಸಿರು ಗುಂಡಿಯ ಸಣ್ಣ ಕರೆಂಟು ಒಳಗಿನ ದೊಡ್ಡ ಕಾಂಟ್ಯಾಕ್ಟನ್ನು ಎಳೆದು ಕೂರಿಸುತ್ತದೆ. ರಿಲೇ ಅದರ ಚಿಕ್ಕ ತಮ್ಮ. ಹೆಚ್ಚಿನವಕ್ಕೆ ನಾಲ್ಕು ಕಾಲು, ಪಕ್ಕದಲ್ಲಿ ಅಂಕಿ ಕೆತ್ತಿರುತ್ತದೆ. 85 ಮತ್ತು 86 ಸುರುಳಿಯವು, ಅಂದರೆ ಗುಂಡಿ. 30ಕ್ಕೆ ಕರೆಂಟು ಬರುತ್ತದೆ, 87ರಿಂದ ಪಂಪ್‌ಗೆ ಹೋಗುತ್ತದೆ.

ಮೊದಲು ಸುಲಭದ ಪರೀಕ್ಷೆ. ಹಾರ್ನಿನದೋ ಫ್ಯಾನಿನದೋ ಅದೇ ಅಂಕಿಯ, ಅದೇ ಕಾಲುಗಳ ರಿಲೇ ಇದ್ದರೆ ಅದಲುಬದಲು ಮಾಡಿ. ಪಂಪ್ ಓಡಿ ಹಾರ್ನ್ ಸತ್ತರೆ ಕಥೆ ಅಲ್ಲಿಗೇ ಮುಗಿಯಿತು. ರಿಲೇ "ಟಿಕ್" ಅಂದ ಮಾತ್ರಕ್ಕೆ ಸರಿ ಇದೆ ಎಂದಲ್ಲ. ಸುರುಳಿ ಎಳೆದರೂ ಒಳಗಿನ ಕಾಂಟ್ಯಾಕ್ಟ್ ಕರಕಲಾಗಿದ್ದರೆ ಕರೆಂಟು ದಾಟುವುದಿಲ್ಲ. ರಿಲೇ ಕಿತ್ತಾಗ ಕೂರುವ ಗೂಡನ್ನೂ ನೋಡಿ. ಅಲ್ಲಿ ಹಸಿರು-ನೀಲಿ ಪುಡಿ ಕಂಡರೆ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತದ ಬಣ್ಣಕ್ಕೆ ಹತ್ತಿರದ್ದು, ಅದು ನೀರು ಒಳಗೆ ಇಳಿದ ಗುರುತು. (ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಡ್ರಮ್ಮನ್ನು ಕಾರಿನ ಹಿಂಭಾಗದಲ್ಲಿ ಸಾಗಿಸುವವರು ಚೆಲ್ಲಿದ್ದನ್ನು ಆಗಲೇ ತೊಳೆಯಿರಿ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಅಲ್ಲೇ ಕೆಳಗೆ ಅರ್ತ್ ಬೋಲ್ಟ್ ಇರುತ್ತದೆ.)

ಮುಂದಿನದು ಜಂಪರ್. ರಿಲೇ ಕಿತ್ತು, ಗೂಡಿನ 30ರಲ್ಲಿ 12 ವೋಲ್ಟ್ ಇದೆಯೇ ಎಂದು ಕೀ ಆನ್ ಇಟ್ಟು ಅಳೆಯಿರಿ. ಇದ್ದರೆ ಫ್ಯೂಸ್ ಇರುವ ಜಂಪರ್ ತಂತಿಯಿಂದ 30 ಮತ್ತು 87ನ್ನು ಸೇರಿಸಿ. ಪಂಪ್ ಜೋರಾಗಿ ಓಡಿತೇ? ಪಂಪೂ ಸರಿ, ತಂತಿಯೂ ಹೆಚ್ಚುಕಡಿಮೆ ಸರಿ. ತಪ್ಪು ರಿಲೇಯಲ್ಲೋ ಅದಕ್ಕೆ ಸನ್ನೆ ಕೊಡುವ ಕಡೆಯಲ್ಲೋ ಇದೆ, ಏಳನೇ ಹಂತಕ್ಕೆ ಹೋಗಿ. ಓಡದಿದ್ದರೆ ಮುಂದೆ ಓದಿ.

ಇಲ್ಲಿ ಎಡವಿ ಬೀಳುವ ಹಳ್ಳ ದೊಡ್ಡದು: ಎಲ್ಲ ರಿಲೇಗಳಲ್ಲೂ ಕಾಲುಗಳ ಜೋಡಣೆ ಒಂದೇ ಅಲ್ಲ, ಅಂಕಿಯೇ ಇಲ್ಲದವೂ ಇವೆ. ಡಬ್ಬಿಯ ಮೇಲಿನ ಪುಟ್ಟ ಚಿತ್ರ ನೋಡಿ. ಅರ್ಥವಾಗದಿದ್ದರೆ ಅಂದಾಜಿನ ಮೇಲೆ ತಂತಿ ತುರುಕಬೇಡಿ. 85, 86ರಲ್ಲಿ ಒಂದು ನೇರ ಇಸಿಯುಗೆ ಹೋಗಿರುತ್ತದೆ. ಅದಕ್ಕೆ ಕರೆಂಟು ಕೊಟ್ಟರೆ ರಿಲೇಯ ನೂರಿನ್ನೂರು ರೂಪಾಯಿ ಖರ್ಚು ಸಾವಿರಗಳಿಗೆ ಏರುತ್ತದೆ.

5. ಕನೆಕ್ಟರಿನಲ್ಲಿ ಬಲ್ಬ್ ಪರೀಕ್ಷೆ

ಸ್ಯಾಂಟ್ರೊದಂಥ ಗಾಡಿಗಳಲ್ಲಿ ಹಿಂದಿನ ಸೀಟು ಎತ್ತಿದರೆ ಮುಚ್ಚಳ, ಅದರ ಕೆಳಗೆ ಕನೆಕ್ಟರ್. ಬೇರೆ ಕೆಲವದರಲ್ಲಿ ಟ್ಯಾಂಕಿನ ಪಕ್ಕ, ಗಾಡಿಯ ಅಡಿಯಲ್ಲಿ ಹುಡುಕಬೇಕು. ಮೂರೋ ನಾಲ್ಕೋ ತಂತಿ ಬರುತ್ತವೆ. ದಪ್ಪ ಎರಡು ಪಂಪಿನವು, ತೆಳುವಾದವು ಪೆಟ್ರೋಲ್ ಮುಳ್ಳಿನವು.

ಜಂಪರ್ ತೆಗೆದು, ಕೀ ಆಫ್ ಮಾಡಿ ಕನೆಕ್ಟರ್ ಬಿಚ್ಚಿ. ಗಾಡಿಯ ಕಡೆಯ ದಪ್ಪ ಎರಡು ಪಿನ್ನಿಗೆ ಬಲ್ಬಿನ ತಂತಿ ಕೂರಿಸಿ. ಬಲ್ಬನ್ನು ಬಾಗಿಲಿನಾಚೆ ನೆಲದ ಮೇಲಿಡಿ, ಉರಿಯುವ ಎಚ್‌4 ಕೈ ಸುಡುತ್ತದೆ, ಟ್ಯಾಂಕಿನ ಹತ್ತಿರ ಇರಲೇಬಾರದು. ಈಗ ಮುಂದೆ ಹೋಗಿ ಕೀ ಆನ್ ಮಾಡಿ, ರಿಲೇ ಗೂಡಿನಲ್ಲಿ ಜಂಪರ್ ಹಾಕಿ.

ಹೆಡ್‌ಲೈಟಿನಂತೆ ಬೆಳ್ಳಗೆ ಉರಿದರೆ ದಾರಿ ಚೊಕ್ಕ, ಅನುಮಾನ ಪಂಪಿನ ಮೇಲೆ. ಸಂಜೆಯ ಲೋ ವೋಲ್ಟೇಜ್ ದೀಪದಂತೆ ಕೆಂಪಗೆ ಉರಿದರೆ ದಾರಿಯಲ್ಲಿ ಎಲ್ಲೋ ಕರೆಂಟಿಗೆ ಅಡ್ಡಿ ಇದೆ. ಉರಿಯದೇ ಇದ್ದರೆ ದಾರಿ ಕಡಿದಿದೆ.

ಕೆಂಪಗೆ ಉರಿದರೂ, ಉರಿಯದಿದ್ದರೂ ಮುಂದಿನದು ಒಂದೇ. ಜಂಪರ್ ತೆಗೆಯಿರಿ. ಬಲ್ಬಿನ ಅರ್ತ್ ಕಡೆಯ ತಂತಿಯನ್ನು ಕನೆಕ್ಟರಿನಿಂದ ಬಿಡಿಸಿ, ಉದ್ದ ತಂತಿಯಿಂದ ನೇರ ಬ್ಯಾಟರಿ ನೆಗೆಟಿವ್‌ಗೆ ಕೊಡಿ. ಮತ್ತೆ ಜಂಪರ್ ಹಾಕಿ. ಈಗ ಬೆಳ್ಳಗೆ ಉರಿದರೆ ಕಳ್ಳ ಸಿಕ್ಕ: ಅರ್ತ್. ಈಗಲೂ ಮಂಕಾದರೆ, ಇಲ್ಲವೇ ಉರಿಯದಿದ್ದರೆ, ತಪ್ಪು ರಿಲೇಯಿಂದ ಕನೆಕ್ಟರ್‌ವರೆಗಿನ ತಂತಿಯದು.

ಇಷ್ಟಕ್ಕೆಲ್ಲ ಮೀಟರನ್ನು ಓಮ್ಸ್‌ನಲ್ಲಿಟ್ಟು, ಅಂದರೆ ತಂತಿಯ ಅಡ್ಡಿ ಅಳೆಯುವ ಕಡೆ ತಿರುಗಿಸಿ, ಅಳೆದರೆ ಆಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. 5 ಆಂಪ್ ಹರಿಯುವಲ್ಲಿ 0.2 ಓಮ್ ಅಡ್ಡಿ ಇದ್ದರೂ ಒಂದು ವೋಲ್ಟ್ ಹೋಯಿತು. ಅಗ್ಗದ ಮೀಟರಿನ ಕಡ್ಡಿಗಳದೇ ಅಷ್ಟು ಓಮ್ ಇರುತ್ತದೆ.

6. ವೋಲ್ಟೇಜ್ ಡ್ರಾಪ್

ಬಲ್ಬ್ ಸರಿಯಾಗಿ ಉರಿದರೂ ಪಂಪ್ ಸೊರಗಿದಂತೆ ಓಡುತ್ತಿದ್ದರೆ, ಘಾಟಿ ಏರಿನಲ್ಲಿ ಮಾತ್ರ ಗಾಡಿ ಎಳೆಯದಿದ್ದರೆ ಇದನ್ನು ಮಾಡಿ. ಡ್ರಾಪ್ ಎಂದರೆ ದಾರಿಯಲ್ಲೇ ಕಳೆದುಹೋದ ವೋಲ್ಟು. ಕರೆಂಟು ಬಂದ್ ಇದ್ದಾಗಲೇ ಕನೆಕ್ಟರ್ ಜೋಡಿಸಿ, ಮೀಟರಿನ ಕಡ್ಡಿಗಳನ್ನು ಕೂರಿಸಿ, ಆಮೇಲೆ ಕೀ ಆನ್ ಮಾಡಿ ಜಂಪರ್ ಹಾಕಿ ಪಂಪ್ ಓಡಿಸಿ. ಮೀಟರಿನ ಒಂದು ಕಡ್ಡಿಯನ್ನು ಉದ್ದ ತಂತಿಯಿಂದ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದನ್ನು ಕನೆಕ್ಟರಿನ ಪಾಸಿಟಿವ್ ತಂತಿಗೆ. ಅರ್ಧ ವೋಲ್ಟಿನೊಳಗೆ ಬರಬೇಕು. ನಂತರ ಜಂಪರ್ ತೆಗೆದು, ಇದೇ ಕ್ರಮದಲ್ಲಿ ಬ್ಯಾಟರಿ ನೆಗೆಟಿವ್ ಮತ್ತು ಕನೆಕ್ಟರಿನ ಅರ್ತ್ ತಂತಿಯ ನಡುವೆ. ಇಲ್ಲಿ 0.2 ದಾಟಬಾರದು.

ಕನೆಕ್ಟರಿನ ಹಿಂಬದಿಯಿಂದ ತೆಳು ಗುಂಡುಸೂಜಿ ಜಾರಿಸಿ ಅಳೆಯಿರಿ. ತಂತಿಯ ಮೇಲಿನ ಪ್ಲಾಸ್ಟಿಕ್ ಚುಚ್ಚುವುದು ಎಲ್ಲ ಗ್ಯಾರೇಜಿನಲ್ಲೂ ಇರುವ ಚಾಳಿ. ಬಯಲುಸೀಮೆಯಲ್ಲಿ ನಡೆದೀತು. ಇಲ್ಲಿ ಆ ತೂತಿನಿಂದ ತೇವ ಎಳೆದುಕೊಂಡು ತಾಮ್ರ ಒಳಗೊಳಗೇ ಹಸಿರಾಗುತ್ತದೆ.

ಅರ್ತ್ ತಪ್ಪಿತಸ್ಥ ಎಂದಾದರೆ ಆ ತಂತಿ ಬಾಡಿಗೆ ಸೇರುವ ಬೋಲ್ಟ್ ಹುಡುಕಿ. ಬಹಳಷ್ಟು ಸಲ ಅದು ಹಿಂದಿನ ಸೀಟಿನ ಕೆಳಗೆ, ಡಿಕ್ಕಿಯ ಮೂಲೆಯಲ್ಲಿ ಅಥವಾ ಬಾಗಿಲ ಹೊಸ್ತಿಲಿನ ಪಕ್ಕ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗದ ಕಾರ್ಪೆಟ್ಟಿನ ಅಡಿಯಲ್ಲಿ ಇರುತ್ತದೆ. ಬೋಲ್ಟ್ ಪೂರ್ತಿ ಬಿಚ್ಚಿ, ಉಂಗುರವನ್ನೂ ಅದು ಕೂರುವ ತಗಡನ್ನೂ ಮಿಂಚುವವರೆಗೆ ಉಜ್ಜಿ, ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಬಳಿಯಿರಿ. ತಗಡೇ ಪುಡಿಯಾಗಿದ್ದರೆ ಗಟ್ಟಿ ಜಾಗ ನೋಡಿ ಹೊಸ ಅರ್ತ್ ಕೊಡಿ. ಕಾರ್ಪೆಟ್ ಯಾಕೆ ಒದ್ದೆಯಾಯಿತು ಎಂದೂ ನೋಡಿ, ಬಾಗಿಲ ರಬ್ಬರ್ ಹಾಗೇ ಬಿಟ್ಟರೆ ಇದೇ ಬೋಲ್ಟನ್ನು ಮತ್ತೆ ಬಿಚ್ಚುತ್ತೀರಿ.

7. ಸನ್ನೆ ಬರುತ್ತಿಲ್ಲವೇ?

ಜಂಪರಿನಲ್ಲಿ ಪಂಪ್ ಓಡುತ್ತದೆ, ಒಳ್ಳೆಯ ರಿಲೇ ಹಾಕಿದರೂ ಕೀಯಲ್ಲಿ ಓಡುವುದಿಲ್ಲ ಎಂದಾದರೆ: ಇಮ್ಮೊಬಿಲೈಜರ್ ದೀಪ, ಅಂದರೆ ಬೇರೆ ಕೀ ಹಾಕಿದರೆ ಗಾಡಿ ತಡೆಯುವ ವ್ಯವಸ್ಥೆಯದು, ಮಿನುಗುತ್ತಿದೆಯೇ ನೋಡಿ, ಎರಡನೇ ಕೀ ಹಾಕಿ ನೋಡಿ. ಚೆಕ್ ಇಂಜಿನ್ ದೀಪ ಕೀ ಆನ್ ಮಾಡಿದಾಗ ಹತ್ತುವುದೇ ಇಲ್ಲವೆಂದರೆ ಇಸಿಯುಗೇ ಕರೆಂಟಿಲ್ಲ, ಮೇನ್ ರಿಲೇ ಅಥವಾ ಇಗ್ನಿಷನ್ ಸ್ವಿಚ್ ನೋಡಿಸಿ. ಮನೆ, ಗೇಟು, ಪಂಪ್‌ಹೌಸಿನ ಬೀಗದ ಕೈಯೆಲ್ಲ ಒಂದೇ ಗೊಂಚಲಿಗೆ ನೇತುಹಾಕುವವರ ಇಗ್ನಿಷನ್ ಸ್ವಿಚ್ ಬೇಗ ಸವೆಯುತ್ತದೆ. ಪ್ರೈಮ್ ಆಗುತ್ತದೆ, ಆದರೆ ಸೆಲ್ಫ್ ಹೊಡೆಯುವಾಗ ಪಂಪ್ ಓಡದು, ಆರ್‌ಪಿಎಂ ಮುಳ್ಳೂ ಕದಲದು ಎಂದರೆ ಕ್ರ್ಯಾಂಕ್ ಸೆನ್ಸರ್ ಅನುಮಾನ. ಕೆಲವು ಫೋರ್ಡ್, ಫಿಯಟ್‌ಗಳಲ್ಲಿ ಡಿಕ್ಕಿ ಹೊಡೆದಾಗ ಪೆಟ್ರೋಲ್ ಕಡಿಯುವ ಸ್ವಿಚ್ ಇರುತ್ತದೆ. ದೊಡ್ಡ ಹೊಂಡಕ್ಕೆ ಬಿದ್ದರೂ ಅದು ಹಾರಬಹುದು, ತಲೆಯ ಗುಂಡಿ ಒತ್ತಿದರೆ ಸಾಕು.

8. ಬಂದು ಹೋಗುವ ಕಾಯಿಲೆ

ಮನೆ ಮುಂದೆ ಎಲ್ಲ ಸರಿ, ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿಯಲ್ಲಿ ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟು ಓಡುತ್ತದೆ. ಅತಿ ಕಿರಿಕಿರಿಯ ದೂರು ಇದೇ. ಇದಕ್ಕೊಂದು ಉಪಾಯ: ಕನೆಕ್ಟರಿನ ಪಾಸಿಟಿವ್ ತಂತಿಯಿಂದ 1 ಆಂಪ್ ಫ್ಯೂಸ್ ಹಾಕಿದ ತೆಳು ತಂತಿ ಎಳೆದು ಡ್ಯಾಶ್‌ಬೋರ್ಡ್ ಬಳಿ ಒಂದು ಪುಟ್ಟ 12 ವೋಲ್ಟ್ ಬಲ್ಬ್ ಇಡಿ. ಅದರ ಅರ್ತ್ ಅಲ್ಲೇ ಮುಂದೆ ಬಾಡಿಗೆ ಕೊಡಿ. ಗಾಡಿ ಕೆಮ್ಮಿ ನಿಲ್ಲುವ ಕ್ಷಣದಲ್ಲಿ ಬಲ್ಬ್ ನೋಡಿ. ಉರಿಯುತ್ತಲೇ ಇದ್ದರೆ ತಪ್ಪು ಪಂಪಿನದು ಅಥವಾ ಅದರ ಅರ್ತ್‌ದು. ಬಲ್ಬ್ ಮೊದಲು ಆರಿದರೆ ತಪ್ಪು ಮುಂದೆ, ರಿಲೇ, ಸ್ವಿಚ್, ಸೆನ್ಸರ್ ಕಡೆ. ವಾರಗಟ್ಟಲೆ ಗ್ಯಾರೇಜ್ ಸುತ್ತುವುದನ್ನು ಈ ಪುಟ್ಟ ಬಲ್ಬ್ ತಪ್ಪಿಸುತ್ತದೆ.

ಟ್ಯಾಂಕ್ ಕಾಲುಭಾಗಕ್ಕಿಂತ ಕಡಿಮೆ ಇಟ್ಟು ಘಾಟಿ ಹತ್ತುವವರು ಮೊದಲು ಅದನ್ನು ಬಿಡಿ. ಏರಿನಲ್ಲಿ, ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ಮೋಟಾರಿಗೆ ತಂಪು ಕೊಡುವುದೂ ಪೆಟ್ರೋಲೇ. ಇನ್ನು ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಎಲ್ಲಾದರೂ ನಿಂತರೆ ಪರೀಕ್ಷೆಗೆ ಇಳಿಯಬೇಡಿ. ನ್ಯೂಟ್ರಲ್ ಮಾಡಿ ಹಿಮ್ಮುಖವಾಗಿ ಇಳಿಸುವ ಸಾಹಸವೂ ಬೇಡ, ಇಂಜಿನ್ ಆಫ್ ಆದಾಗ ಬ್ರೇಕಿಗೆ ಬೂಸ್ಟರ್ ಬಲ ಇರುವುದಿಲ್ಲ. ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದೆ ದೂರದಲ್ಲಿ ಗುರುತಿಟ್ಟು, ರಿಲೇ ಬದಲಿಸಿ ಒಮ್ಮೆ, ಟ್ಯಾಂಕಿಗೆ ತಟ್ಟಿ ಒಮ್ಮೆ ನೋಡಿ. ಆಗದಿದ್ದರೆ ಎಳೆಸಿಕೊಂಡು ಹೋಗಿ.

9. ಈಗ ಪಂಪ್

ಬಲ್ಬ್ ಬೆಳ್ಳಗೆ ಉರಿಯುತ್ತದೆ, ಡ್ರಾಪ್ ಇಲ್ಲ, ಪಂಪ್ ಮಾತ್ರ ಓಡದು. ಆಗ ಪಂಪ್ ಹೋಗಿದೆ, ಧೈರ್ಯವಾಗಿ ಹೇಳಬಹುದು. ಟ್ಯಾಂಕಿನೊಳಗಿನ ಕೆಲಸ ಮನೆಯಲ್ಲಿ ಮಾಡಬೇಡಿ ಎಂಬುದು ನನ್ನ ಅಭಿಪ್ರಾಯ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲೋ ನಿಮ್ಮೂರಿನಲ್ಲೋ ನಂಬಿಕೆಯವರಿಗೆ ಕೊಡಿ, ಆದರೆ ಮೂರು ಮಾತು ಹೇಳಿ ಕೊಡಿ. ಪಂಪಿನ ಜೊತೆ ತಳದ ಜಾಲರಿಯನ್ನೂ ಮುಚ್ಚಳದ ರಬ್ಬರ್ ಉಂಗುರವನ್ನೂ ಬದಲಿಸಬೇಕು. ಕರಗಿದ, ಕಂದಿದ ಪಿನ್ ಇದ್ದರೆ ಕನೆಕ್ಟರ್ ಕೂಡ ಹೊಸದಾಗಬೇಕು, ಇಲ್ಲದಿದ್ದರೆ ಹೊಸ ಪಂಪನ್ನೂ ಅದು ಕೊಲ್ಲುತ್ತದೆ. ಟ್ಯಾಂಕಿನ ತಳದಲ್ಲಿ ನೀರು, ತುಕ್ಕು ಇದೆಯೇ ತೋರಿಸಬೇಕು. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ತೇವ ಹೀರುತ್ತದೆ. ಅರ್ಧ ಟ್ಯಾಂಕ್ ಇಟ್ಟು ಮಳೆಗಾಲವಿಡೀ ನಿಲ್ಲಿಸಿದ ಕಾರಿನಲ್ಲಿ ಆ ನೀರು ಬೇರ್ಪಟ್ಟು ಸೇರುವುದು ಪಂಪ್ ಕುಳಿತ ಜಾಗದಲ್ಲೇ.

ಗಾಡಿ ಸರಿಯಾದ ದಿನವೇ ಆರನೇ ಹಂತದ ಎರಡು ಅಳತೆಗಳನ್ನು ಮತ್ತೊಮ್ಮೆ ತೆಗೆದು, ತಾರೀಕು ಹಾಕಿ, ಚೀಟಿಯಲ್ಲಿ ಬರೆದು ಗ್ಲೋವ್ ಬಾಕ್ಸಿನಲ್ಲಿಡಿ. ಈ ವರ್ಷ 0.08 ಇದ್ದ ಅರ್ತ್ ಮುಂದಿನ ಮೇ ತಿಂಗಳಲ್ಲಿ 0.3 ತೋರಿಸಿದರೆ, ಮಳೆ ಬರುವ ಮೊದಲೇ ಆ ಬೋಲ್ಟ್ ಬಿಚ್ಚಬಹುದು.